ಬಡತನದ ಗೆರೆಗೂ ಬೇಕು ಬೆಲೆ ಸೂಚ್ಯಂಕ

2024ರ ನವೆಂಬರ್‌ನಲ್ಲಿ ಬಿಪಿಎಲ್ ಪಡಿತರ ಚೀಟಿಗಳ ರದ್ದತಿ ರಾಜ್ಯದಲ್ಲಿ ವಿವಾದವೆಬ್ಬಿಸಿತು. ಸರ್ಕಾರಿ ನೌಕರರು ಹಾಗೂ ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಚೀಟಿ ರದ್ದಾಗದೆಂದು ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ಅನರ್ಹರನ್ನು ಕೈಬಿಡುವುದು ನ್ಯಾಯವೇ. ಆದರೆ ಅರ್ಹತೆಯನ್ನು ಅಳೆಯುವ ಕೋಲು ಸರಿಯಿದೆಯೇ?

ಆಗಿದ್ದ ಕುಟುಂಬದ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ನಮ್ಮ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂತಹ ಊರಿನ ಕೂಲಿ ದಂಪತಿಯೊಂದನ್ನು ಊಹಿಸಿಕೊಳ್ಳಿ. ದಿನಕ್ಕೆ ತಲಾ 400 ರೂಪಾಯಿಯಂತೆ ಇಬ್ಬರಿಗೂ 150 ದಿನ ಕೆಲಸ ದೊರೆತರೆ ಆ ಮಿತಿ ಮುಟ್ಟಿತು. 151ನೆಯ ದಿನದ ದುಡಿಮೆ ಅವರನ್ನು ಕಾಗದದ ಮೇಲೆ ಬಡವರ ಪಟ್ಟಿಯಿಂದ ಹೊರಗಿಡುತ್ತದೆ. ಮನೆಯ ಸ್ಥಿತಿ ಮಾತ್ರ ಬದಲಾಗಿರುವುದಿಲ್ಲ.

ಇನ್ನೊಂದೆಡೆ, 2025ರ ಕೇಂದ್ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯವನ್ನು ತೆರಿಗೆಯಿಂದ ಮುಕ್ತಗೊಳಿಸಿತು. ನಿವೃತ್ತ ಅಧಿಕಾರಿಯಾದ ನನ್ನ ತುಟ್ಟಿಭತ್ಯೆಯೂ ಬೆಲೆ ಸೂಚ್ಯಂಕವನ್ನು ಅನುಸರಿಸಿ ಕಾಲಕಾಲಕ್ಕೆ ಏರುತ್ತದೆ. ಅಕ್ಕಿ, ಬೇಳೆ, ಔಷಧಿಯ ಬೆಲೆ ನನಗೊಂದು, ಕೂಲಿಕಾರನಿಗೊಂದು ಎಂದಿಲ್ಲವಲ್ಲ!

ಆದ್ದರಿಂದ ಪಡಿತರದ ಆದಾಯ ಮಿತಿಯನ್ನೂ ಗ್ರಾಮೀಣ ಬೆಲೆ ಸೂಚ್ಯಂಕಕ್ಕೆ ಜೋಡಿಸಿ ಪ್ರತಿವರ್ಷ ಪರಿಷ್ಕರಿಸಬೇಕು. ಕುಟುಂಬದ ಸದಸ್ಯರ ಸಂಖ್ಯೆಯನ್ನು ಗಣಿಸಬೇಕು. ನೋಟಿಸು ನೀಡಿ, ಅಹವಾಲು ಕೇಳಿದ ಮೇಲಷ್ಟೇ ಚೀಟಿ ರದ್ದುಪಡಿಸಬೇಕು. ಇದಕ್ಕೆ ಹೊಸ ಕಾನೂನಿಗಿಂತ ಆಡಳಿತದ ಇಚ್ಛಾಶಕ್ತಿ ಮುಖ್ಯ.