ಅನುಕಂಪದ ಅಂಕ ಬೇಡ ಎಂದವರು

ಕೃತಿಯೊಂದನ್ನು ತೂಗುವಾಗ ಅದು ಹುಟ್ಟಿದ ಮನೆಯ ಕಷ್ಟವನ್ನೂ ತಕ್ಕಡಿಗೆ ಹಾಕಬೇಕೆ? ವಿಮರ್ಶೆಯಷ್ಟೇ ಹಳೆಯದಾದ ಈ ಪ್ರಶ್ನೆ ನನಗೆ ಮತ್ತೆ ಎದುರಾದದ್ದು ನಾನು ಎಂದೂ ನಿರೀಕ್ಷಿಸದ ಜಾಗದಲ್ಲಿ. ಅದು ಒಂದು ವಿಡಿಯೊ ಗೇಮ್‌ನ ವಿಮರ್ಶೆಗಳ ನಡುವೆ.

ರಜೆಗೆ ಬಂದಿದ್ದ ಮಗ ‘ಮೆಟ್ರೊ: ಲಾಸ್ಟ್ ಲೈಟ್’ ಎಂಬ ಹಳೆಯ ಆಟವೊಂದನ್ನು ಆಡುತ್ತಿದ್ದ. ಬಂದೂಕು ಹಿಡಿದು ಎದುರಾದವರನ್ನೆಲ್ಲ ಸುಡುವ ಆಟಗಳ ಬಗ್ಗೆ ನನ್ನ ವಯಸ್ಸಿನವರಿಗೆ ಇರುವ ಅಸಹನೆ ನನಗೂ ಇದೆ. ಆದರೆ ಅವನ ಹಿಂದೆ ನಿಂತು ಹತ್ತು ನಿಮಿಷ ನೋಡಿದವನು ಕುರ್ಚಿ ಎಳೆದುಕೊಂಡು ಕುಳಿತೆ. ಅಣುಯುದ್ಧವಾಗಿ ಇಪ್ಪತ್ತು ವರ್ಷ ಕಳೆದಿದೆ. ಮಾಸ್ಕೋದಲ್ಲಿ ಬದುಕುಳಿದವರು ನೆಲದಡಿಯ ರೈಲು ನಿಲ್ದಾಣಗಳಲ್ಲಿ ಸಂಸಾರ ಹೂಡಿದ್ದಾರೆ. ಯುದ್ಧಪೂರ್ವದಲ್ಲಿ ತಯಾರಾದ ಉತ್ತಮ ಗುಂಡುಗಳೇ ಅಲ್ಲಿನ ನಾಣ್ಯ. ಅವುಗಳಲ್ಲಿ ಒಂದನ್ನು ಹಾರಿಸಿದರೆ ಕೈಯಲ್ಲಿದ್ದ ಹಣವನ್ನೇ ಎಸೆದಂತೆ. ನೆಲದ ಮೇಲೆ ಬಂದರೆ ವಿಷಗಾಳಿ. ಮುಖವಾಡದ ಗಾಜಿಗೆ ಸಿಡಿದ ಕೆಸರನ್ನು ಆಟಗಾರ ತನ್ನ ಕೈಯಿಂದಲೇ ಒರೆಸಿಕೊಳ್ಳಬೇಕು.

ಇದು ದ್ಮಿತ್ರಿ ಗ್ಲುಕೊವ್‌ಸ್ಕಿಯವರ ‘ಮೆಟ್ರೊ 2033’ ಕಾದಂಬರಿಯ ಲೋಕ. ಅದೇ ಹೆಸರಿನ ಮೊದಲ ಆಟ 2010ರಲ್ಲಿ ಬಂತು. ಅದರ ಕೊನೆಯಲ್ಲಿ ನಾಯಕ ಆರ್ಟ್ಯೋಮ್, ಶತ್ರುಗಳೆಂದು ತಾನು ನಂಬಿದ್ದ ಜೀವಿಗಳ ನೆಲೆಯನ್ನು ಕ್ಷಿಪಣಿಗಳಿಂದ ನಾಶಮಾಡುತ್ತಾನೆ. 2013ರ ಮೇ ತಿಂಗಳಿನಲ್ಲಿ ಬಂದ ಉತ್ತರಭಾಗವೇ ‘ಲಾಸ್ಟ್ ಲೈಟ್’. ಆ ಜೀವಿಗಳಲ್ಲಿ ಒಂದು ಮರಿ ಉಳಿದಿದೆ ಎಂದು ತಿಳಿಯುತ್ತದೆ. ಕೊಲ್ಲಲು ಹೊರಟವನು ಪಶ್ಚಾತ್ತಾಪದ ಕಡೆಗೆ ನಡೆಯುವುದೇ ಅದರ ಕಥೆ.

ಕುತೂಹಲದಿಂದ ಆ ಕಾಲದ ವಿಮರ್ಶೆಗಳನ್ನು ಹುಡುಕಿ ಓದಿದೆ. ಒಟ್ಟಾರೆ ಸರಾಸರಿ ನೂರಕ್ಕೆ ಎಂಬತ್ತರ ಆಸುಪಾಸಿನಲ್ಲಿತ್ತು. ಆ ಮಬ್ಬುಗತ್ತಲ ಲೋಕದ ಜೀವಂತಿಕೆಯನ್ನೂ ಕಥನವನ್ನೂ ಬಹುತೇಕರು ಮೆಚ್ಚಿದ್ದರು. ಜೊತೆಗೆ ತಪ್ಪುಗಳನ್ನೂ ಮುಚ್ಚಿಡಲಿಲ್ಲ: ಎದುರಾಳಿಗಳು ಮಂಕರಂತೆ ವರ್ತಿಸುತ್ತಾರೆ, ಗುಂಡುಗಳು ಧಾರಾಳವಾಗಿ ಸಿಗುವುದರಿಂದ ಮೊದಲ ಆಟದ ಕೊರತೆಯ ಭಯ ಮಾಯವಾಗಿದೆ, ಹೆಣ್ಣುಗಳ ಚಿತ್ರಣ ಅಗ್ಗವಾಗಿದೆ. ಆಟದ ಅತ್ಯಂತ ಕಠಿಣ ಸ್ತರವನ್ನು, ಮುಂಗಡವಾಗಿ ಕಾಯ್ದಿರಿಸದವರಿಗೆ ಪ್ರತ್ಯೇಕ ಹಣಕ್ಕೆ ಮಾರಿದ್ದಂತೂ ಹಲವರನ್ನು ಕೆರಳಿಸಿತ್ತು.

ಇಷ್ಟಾಗಿದ್ದರೆ ಇದು ಸಾಧಾರಣ ಸಂಗತಿಯಾಗುತ್ತಿತ್ತು. ಆದರೆ ಅದೇ ಮೇ ತಿಂಗಳಿನಲ್ಲಿ ಜೇಸನ್ ರೂಬಿನ್ ಒಂದು ಲೇಖನ ಬರೆದರು. ಆಟಕ್ಕೆ ಮೊದಲು ಹಣ ಹೂಡಿದ್ದ ಅಮೆರಿಕದ ಟಿಎಚ್‌ಕ್ಯು ಸಂಸ್ಥೆಯ ಅಧ್ಯಕ್ಷರಾಗಿದ್ದವರು ಅವರು. ಆ ಸಂಸ್ಥೆ ದಿವಾಳಿಯೆದ್ದು, 2013ರ ಜನವರಿಯ ಹರಾಜಿನ ಬಳಿಕ ಆಟ ಡೀಪ್ ಸಿಲ್ವರ್ ಪ್ರಕಾಶಕರ ಪಾಲಾಗಿತ್ತು. ಆಟವನ್ನು ನಿರ್ಮಿಸಿದ್ದು ಉಕ್ರೇನಿನ ಕೀವ್ ನಗರದ ಫೋರ್-ಎ ಗೇಮ್ಸ್. ಅಲ್ಲಿನವರು ಮದುವೆ ಮನೆಯ ಮಡಚುವ ಕುರ್ಚಿಗಳಲ್ಲಿ, ಮೊಣಕೈಗೆ ಮೊಣಕೈ ತಾಗುವಂತೆ ಕುಳಿತು ದುಡಿದರು, ಆಗಾಗ ವಿದ್ಯುತ್ ಕೈಕೊಡುತ್ತಿತ್ತು, ಚಳಿಗಾಲದಲ್ಲಿ ಕೊಠಡಿ ಬೆಚ್ಚಗಿಡುವುದಕ್ಕೂ ತತ್ವಾರವಿತ್ತು, ಕಂಪ್ಯೂಟರಿನ ಭಾಗಗಳನ್ನು ಅಧಿಕಾರಿಗಳ ಕಣ್ಣುತಪ್ಪಿಸಿ ಬೆನ್ನುಚೀಲದಲ್ಲಿ ತರಬೇಕಾಗಿತ್ತು ಎಂದು ರೂಬಿನ್ ವಿವರಿಸಿದ್ದರು. ದೊಡ್ಡ ಪ್ರತಿಸ್ಪರ್ಧಿಗಳ ವೆಚ್ಚದ ಶೇ 10ರಷ್ಟು ಹಣದಲ್ಲಿ ಇಷ್ಟನ್ನು ಸಾಧಿಸಿದವರಿಗೆ ಮನ್ನಣೆ ಸಲ್ಲಬೇಡವೇ ಎಂಬುದು ಅವರ ಅಳಲು.

ನನ್ನನ್ನು ತಡೆದು ನಿಲ್ಲಿಸಿದ್ದು ಫೋರ್-ಎ ತಂಡದ ಮುಖ್ಯಸ್ಥ ಆಂಡ್ರಿ ಪ್ರೊಖೊರೊವ್ ಅವರ ಪ್ರತಿಕ್ರಿಯೆ. ರೂಬಿನ್ ಹೇಳಿದ್ದು ನಿಜವೆಂದು ಒಪ್ಪಿದ ಅವರು, ತಮಗೆ ಯಾವ ರಿಯಾಯಿತಿಯೂ ಬೇಡ, ಸಿಕ್ಕ ಅಂಕಗಳು ತಮಗೆ ಸಲ್ಲಬೇಕಾದವೇ ಎಂದುಬಿಟ್ಟರು. ಕೊಳ್ಳುವ ಗ್ರಾಹಕನಿಗೆ ನಾವು ಯಾವ ಸ್ಥಿತಿಯಲ್ಲಿ ದುಡಿದೆವೆಂಬುದು ಮುಖ್ಯವಲ್ಲ, ಅದು ಹಾಗೆಯೇ ಇರಬೇಕು ಎಂಬುದು ಅವರ ನಿಲುವು.

ಇದನ್ನು ಓದಿದಾಗ ಹಳೆಯದೊಂದು ಮುಜುಗರ ನೆನಪಾಯಿತು. ನಾನು ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದ ದಿನಗಳವು. ಹಳ್ಳಿಯ ಶಾಲಾ ಮಾಸ್ತರರೊಬ್ಬರ ಕಾದಂಬರಿ ಕೈಗೆ ಬಂತು. ಪ್ರಕಾಶಕರು ಸಿಗದೆ, ಪತ್ನಿಯ ಬಳೆಗಳನ್ನು ಅಡವಿಟ್ಟು ಅಚ್ಚು ಹಾಕಿಸಿದ್ದಾರೆಂದು ಮಿತ್ರರೊಬ್ಬರು ಕಿವಿಯಲ್ಲಿ ಹೇಳಿದ್ದರು. ಕಾದಂಬರಿಯ ಪೂರ್ವಾರ್ಧ ನಿಜಕ್ಕೂ ಚೆನ್ನಾಗಿತ್ತು. ಉತ್ತರಾರ್ಧ ಬರೀ ಭಾಷಣವಾಗಿತ್ತು. ಬಳೆಗಳು ಕಣ್ಣಮುಂದೆ ಬಂದು, ನಾನು ಭಾಷಣದ ಮಾತೆತ್ತದೆ ‘ಶ್ಲಾಘನೀಯ ಪ್ರಯತ್ನ’ ಎಂದು ಬರೆದು ಮುಗಿಸಿದೆ. ವರ್ಷದ ಬಳಿಕ ಸಮಾರಂಭವೊಂದರಲ್ಲಿ ಎದುರಾದ ಅವರು ಕೈಮುಗಿದು, “ತಾವು ಬರೆದದ್ದು ಓದಿದೆ ಸಾರ್. ಉತ್ತರಾರ್ಧದ ಬಗ್ಗೆ ಏನಾದರೂ ಹೇಳುತ್ತೀರೆಂದು ಕಾದಿದ್ದೆ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ನಾನು ಕರುಣೆಯೆಂದು ಭಾವಿಸಿದ್ದನ್ನು ಅವರು ಉಪೇಕ್ಷೆಯೆಂದು ಸರಿಯಾಗಿಯೇ ಗ್ರಹಿಸಿದ್ದರು.

ಹಾಗೆಂದು ಕೃತಿಯ ಹಿಂದಿನ ಬದುಕು ಲೆಕ್ಕಕ್ಕೇ ಬರಬಾರದು ಎನ್ನುತ್ತಿಲ್ಲ. ರೂಬಿನ್ ಬರೆಯದಿದ್ದರೆ ಮಡಚುವ ಕುರ್ಚಿಗಳ ಕಥೆ ಅಷ್ಟು ಜನರಿಗೆ ತಿಳಿಯುತ್ತಿರಲಿಲ್ಲ. ಆದರೆ ಆ ಕಥೆ ಉತ್ತರ ಕೇಳಬೇಕಾದದ್ದು ವಿಮರ್ಶಕನಿಂದಲ್ಲ, ಹಣ ಹೂಡಿದವರಿಂದ. ಕುರ್ಚಿ ಕೊಡಿಸುವುದು ಮಾಲೀಕನ ಹೊಣೆ. ಅದರ ಬದಲಿಗೆ ಐದು ಅಂಕ ಹೆಚ್ಚಿಗೆ ಕೊಡುವುದರಿಂದ ಯಾರ ಬೆನ್ನುನೋವೂ ಕಡಿಮೆಯಾಗದು. ನಿಷ್ಠುರ ವಿಮರ್ಶೆ ಮಾಡುವ ಉಪಕಾರವೇ ಬೇರೆ. 2014ರಲ್ಲಿ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಆ ಕಠಿಣ ಸ್ತರಕ್ಕೆ ಪ್ರತ್ಯೇಕ ಬೆಲೆಯಿರಲಿಲ್ಲ. ಗುಂಡುಗಳು ವಿರಳವಾಗಿ ಸಿಗುವಂತೆ ಆಡುವ ಆಯ್ಕೆಯೂ ಸೇರಿತ್ತು.

ಹನ್ನೊಂದು ವರ್ಷಗಳ ನಂತರ ಇದೇ ಪ್ರಶ್ನೆ ಇನ್ನೂ ಉಗ್ರವಾಗಿ ಎದ್ದು ಬಂತು. ಕೀವ್‌ನದೇ ಜಿಎಸ್‌ಸಿ ಗೇಮ್ ವರ್ಲ್ಡ್ ಸಂಸ್ಥೆಯ ‘ಸ್ಟಾಕರ್ 2’, ಚೆರ್ನೋಬಿಲ್‌ನ ನಿಷೇಧಿತ ವಲಯವನ್ನು ಆಧರಿಸಿದ ಮತ್ತೊಂದು ಉತ್ತರಭಾಗ, ಸಿದ್ಧವಾಗುತ್ತಿದ್ದಾಗಲೇ 2022ರ ಫೆಬ್ರುವರಿಯಲ್ಲಿ ರಷ್ಯಾದ ಸೇನೆ ನುಗ್ಗಿತು. ತಂಡದ ಒಂದು ಭಾಗ ಪ್ರಾಗ್ ನಗರಕ್ಕೆ ವಲಸೆ ಹೋಯಿತು, ಕೆಲವರು ಸೇನೆ ಸೇರಿದರು. ಉಳಿದವರ ಮುಂದೆ ಕ್ಷಿಪಣಿ ದಾಳಿಯಿಂದ ಕತ್ತಲಾದ ನಗರವಿತ್ತು. ಆಟ 2024ರ ನವೆಂಬರ್ 20ರಂದು ಬಿಡುಗಡೆಯಾದಾಗ ವಿಮರ್ಶಕರು ಯುದ್ಧವನ್ನು ನೆನೆದರು, ಆಟದ ವಾತಾವರಣವನ್ನು ಕೊಂಡಾಡಿದರು. ಜೊತೆಗೆ ಅದು ದೋಷಗಳಿಂದ ತುಂಬಿದೆ ಎಂದೂ ಸ್ಪಷ್ಟವಾಗಿ ಬರೆದರು. ಸರಾಸರಿ ಅಂಕ ಎಂಬತ್ತನ್ನು ಮುಟ್ಟಲಿಲ್ಲ. ತಂಡ ತನ್ನ ಗಾಯಗಳನ್ನು ತೋರಿಸಿ ವಾದಕ್ಕೆ ನಿಲ್ಲಲಿಲ್ಲ. ಹತ್ತು ದಿನದೊಳಗೆ 650ಕ್ಕೂ ಹೆಚ್ಚು, ಡಿಸೆಂಬರಿನಲ್ಲಿ 1,800ಕ್ಕೂ ಹೆಚ್ಚು ದೋಷಗಳನ್ನು ತಿದ್ದಿತು.

ಬಾಂಬು ಬೀಳುವ ಊರಿನವರಿಗೆ ‘ನಿಮ್ಮ ಆಟದಲ್ಲಿ ಇಂಥ ತಪ್ಪಿದೆ’ ಎಂದು ಬರೆಯುವುದಕ್ಕೆ ಕಲ್ಲೆದೆ ಬೇಕೆಂದು ಹಿಂದೆ ನಾನು ಎಣಿಸುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವರು ನಾಳೆಯೂ ಕೆಲಸ ಮಾಡುತ್ತಾರೆ, ಇದಕ್ಕಿಂತ ಚೆನ್ನಾಗಿ ಮಾಡಬಲ್ಲರು ಎಂದು ನಂಬಿದವನು ಮಾತ್ರ ಹಾಗೆ ಬರೆಯಬಲ್ಲ. ಆ ಮಾಸ್ತರರು ಇನ್ನೊಂದು ಕಾದಂಬರಿ ಬರೆದರೋ ಇಲ್ಲವೋ ನನಗೆ ತಿಳಿಯದು. ಬರೆದಿದ್ದರೆ, ಅದರ ಉತ್ತರಾರ್ಧವನ್ನು ತಿದ್ದಿಕೊಳ್ಳಲು ನನ್ನಿಂದ ಅವರಿಗೆ ಒಂದು ಸಾಲಿನ ನೆರವೂ ಸಿಕ್ಕಿರಲಿಲ್ಲ.