ಕಾಗದ ಮುಂದೆ, ಹಣ ಹಿಂದೆ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಮೊದಲ ಮನೆ ಕೊಳ್ಳುವವರು ಮಾರಾಟದ ಸರಪಳಿಯಲ್ಲಿ ತಮ್ಮನ್ನು ಕಾಪಾಡಿಕೊಳ್ಳುವುದು ಹೇಗೆ?

ಗುಜರಾತಿ ದಿನಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣ ಅಕ್ಷರದ ಒಂದು ಚೌಕಟ್ಟು ಆಗಾಗ ಕಣ್ಣಿಗೆ ಬೀಳುತ್ತದೆ. ತಲೆಬರಹ ‘ಜಾಹೇರ್ ನೋಟಿಸ್’. ಇಂಥ ಸೊಸೈಟಿಯ ಇಷ್ಟನೇ ನಂಬರಿನ ಫ್ಲ್ಯಾಟನ್ನು ನಮ್ಮ ಕಕ್ಷಿದಾರರು ಕೊಳ್ಳಲಿದ್ದಾರೆ; ಅದರ ಮೇಲೆ ಯಾರಿಗಾದರೂ ಹಕ್ಕು, ಪಾಲು, ಸಾಲದ ಬಾಕಿ ಇದ್ದರೆ ಏಳು ದಿನದೊಳಗೆ ಆಧಾರ ಸಮೇತ ತಿಳಿಸಿ; ಇಲ್ಲವಾದರೆ ಯಾರ ಹಕ್ಕೂ ಇಲ್ಲವೆಂದು ತಿಳಿದು ದಸ್ತಾವೇಜು ಮಾಡಿಸಿಕೊಳ್ಳುತ್ತೇವೆ ಎಂದು ವಕೀಲರೊಬ್ಬರು ಅದರಲ್ಲಿ ಊರಿಗೆಲ್ಲ ಸಾರಿರುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಈ ಚೌಕಟ್ಟು ಅಚ್ಚಾಗುವ ಹೊತ್ತಿಗೆ ಕೊಳ್ಳುವವರ ಮುಂಗಡ ಎಷ್ಟೋ ಸಲ ಮಾರುವವರ ಕೈಸೇರಿ, ಅಲ್ಲಿಂದ ಇನ್ನೊಬ್ಬರ ಕೈಗೂ ದಾಟಿರುತ್ತದೆ. ಯಾರಿಗಾದರೂ ಹಕ್ಕಿದೆಯೇ ಎಂದು ಕೇಳುವ ಮೊದಲೇ ಹಣ ಕೊಟ್ಟಾಗಿದೆ. ಮೊದಲ ಮನೆ ಕೊಳ್ಳುವವರನ್ನು ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ಮೋಸದಿಂದ ಬರುವಂಥವಲ್ಲ, ಈ ಹಿಂದುಮುಂದಿನಿಂದ ಬರುವಂಥವು. ಕಾಗದ ಮುಂದೆ ನಡೆಯಬೇಕು, ಹಣ ಅದರ ಹಿಂದೆ ಹೋಗಬೇಕು. ಈ ಕ್ರಮವೊಂದನ್ನು ಗಟ್ಟಿಯಾಗಿ ಹಿಡಿದರೆ ಉಳಿದ ರಕ್ಷಣೆಗಳೆಲ್ಲ ಅದರ ಬೆನ್ನಿಗೇ ಬರುತ್ತವೆ.

ಹಳೆಯ ಫ್ಲ್ಯಾಟ್ ಕೊಳ್ಳುವುದು ಇಬ್ಬರ ನಡುವಿನ ವ್ಯವಹಾರದಂತೆ ತೋರುತ್ತದೆ. ಅಹಮದಾಬಾದಿನ ಬೋಪಲ್‌ನಲ್ಲೋ, ವಡೋದರಾದ ಗೋತ್ರಿಯಲ್ಲೋ, ಸೂರತ್‌ನ ಅಡಾಜಣ್‌ನಲ್ಲೋ ಎರಡು ಕೋಣೆಯ ಮನೆ ಮಾರುವ ಕುಟುಂಬವನ್ನು ಸ್ವಲ್ಪ ವಿಚಾರಿಸಿ ನೋಡಿ. ಅನೇಕ ವೇಳೆ ಅವರು ಮೂರು ಕೋಣೆಯ ಮನೆಗೆ ಹೋಗಲೆಂದೇ ಇದನ್ನು ಮಾರುತ್ತಿರುತ್ತಾರೆ. ಈ ಮನೆಯ ಮೂಲಪತ್ರಗಳು ಸಾಲ ಕೊಟ್ಟ ಬ್ಯಾಂಕಿನಲ್ಲಿವೆ. ಹೊಸ ಮನೆ ಬಿಲ್ಡರ್ ಬಳಿ ಇದೆ. ಅದಕ್ಕೆ ನಗರಪಾಲಿಕೆಯ ಬಿ.ಯು., ಅಂದರೆ ಕಟ್ಟಡ ಬಳಕೆಯ ಪರವಾನಗಿ, ಇನ್ನೂ ಸಿಗಬೇಕಿದೆ. ತೆರಿಗೆ ಕಾನೂನೂ ಈ ಎರಡು ವ್ಯವಹಾರಗಳನ್ನು ಹೆಣೆಯುತ್ತದೆ: ಮನೆ ಮಾರಿದ ಲಾಭಕ್ಕೆ ವಿನಾಯಿತಿ ಬೇಕಾದರೆ ಮಾರಾಟಕ್ಕೆ 1 ವರ್ಷ ಮೊದಲು ಅಥವಾ 2 ವರ್ಷದ ಒಳಗೆ ಬೇರೆ ಮನೆ ಕೊಳ್ಳಬೇಕು, ಇಲ್ಲವೇ 3 ವರ್ಷದೊಳಗೆ ಕಟ್ಟಿಸಬೇಕು. ಹೀಗೆ ನಿಮ್ಮ ಬ್ಯಾಂಕು, ಅವರ ಬ್ಯಾಂಕು, ಅವರ ಬಿಲ್ಡರ್, ಪಾಲಿಕೆ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಇಂಗ್ಲೆಂಡಿನಲ್ಲಿ ಮನೆ ಮಾರಾಟದ ಇಂಥ ಸರಪಳಿ ದಿನನಿತ್ಯದ ಮಾತು. ಅಲ್ಲಿ ಎರಡೂ ಕಡೆಯವರು ಕರಾರುಪತ್ರ ವಿನಿಮಯ ಮಾಡಿಕೊಳ್ಳುವವರೆಗೆ ಯಾರೂ ಕಟ್ಟುಬೀಳುವುದಿಲ್ಲ. ದೊಡ್ಡ ಮುಂಗಡವೂ ಅಂದೇ ಕೈಬದಲಾಗುತ್ತದೆ. ಸಮಯ ವ್ಯರ್ಥವಾದೀತು, ಇಡುಗಂಟು ಉಳಿಯುತ್ತದೆ. ನಮ್ಮಲ್ಲಿ ದೊಡ್ಡ ಮೊತ್ತ ಮೊದಲೇ ಹೋಗುತ್ತದೆ, ಕಟ್ಟುಪಾಡು ಆಮೇಲೆ ಬರುತ್ತದೆ.

ಇದರ ಭಾರ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಹಾಕೋಣ. ಫ್ಲ್ಯಾಟಿನ ಬೆಲೆ 60 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80 ಮೀರುವಂತಿಲ್ಲ. ಹಾಗಾಗಿ ಸಾಲ ಹೆಚ್ಚೆಂದರೆ 48 ಲಕ್ಷ, ಕೈಯಿಂದ ಹಾಕಬೇಕಾದದ್ದು 12 ಲಕ್ಷ. ಗುಜರಾತ್‌ನ ಮುದ್ರಾಂಕ ಶುಲ್ಕ ಶೇ 4.9, ಅಂದರೆ 2.94 ಲಕ್ಷ. ನೋಂದಣಿ ಶುಲ್ಕ ಶೇ 1, ಅಂದರೆ 60 ಸಾವಿರ. ಮಹಿಳೆಯ ಹೆಸರಿಗೇ ಕೊಂಡರೆ ಈ ಶುಲ್ಕ ಇಲ್ಲ. ಒಟ್ಟು ಸ್ವಂತ ಹಣ 15.54 ಲಕ್ಷ. ಇದರಲ್ಲಿ 10 ಲಕ್ಷವನ್ನು ಮೊದಲ ವಾರವೇ ‘ಬಾನಾ’ (ಮುಂಗಡ) ಎಂದು ಕೊಟ್ಟರೆ ವರ್ಷಗಟ್ಟಲೆ ಕೂಡಿಟ್ಟ ಉಳಿತಾಯದ ಮೂರರಲ್ಲಿ ಎರಡು ಪಾಲಿನಷ್ಟು ಕೈಬಿಟ್ಟಂತೆ. ಆ ಹಣ ಬಿಲ್ಡರ್ ಕಡೆಗೆ ಹೋಗಿ, ಅಲ್ಲಿ ಬಿ.ಯು. ಆರು ತಿಂಗಳು ತಡವಾದರೆ? ಮಾರುವವರಿಗೆ ಇರಲು ಮನೆ ಇದೆ. ಬಿಲ್ಡರಿಗೆ ಕಟ್ಟಡ ಇದೆ. ಬ್ಯಾಂಕಿಗೆ ಅಡಮಾನ ಇದೆ. ಬಾಡಿಗೆ ಕಟ್ಟುತ್ತಾ, ಬೇರೆ ಮನೆಗೆ ಮುಂಗಡ ಕೊಡಲೂ ಆಗದೆ ಕೂರುವವರು ಮೊದಲ ಮನೆ ಕೊಳ್ಳುವವರು ಮಾತ್ರ.

ಹೊಸ ಕಟ್ಟಡದ ಮಟ್ಟಿಗೆ ಕಾನೂನು ಈ ಅಪಾಯವನ್ನು ಗುರುತಿಸಿದೆ. 2016ರ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಕರಾರು ನೋಂದಣಿ ಆಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಹಳೆಯ ಫ್ಲ್ಯಾಟ್ ಮಾರುವಾಗ ಈ ಬೇಲಿ ಇಲ್ಲ. ಅಲ್ಲಿ ಇರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಮಾರಾಟದ ಕರಾರು ಆಸ್ತಿಯಲ್ಲಿ ತಾನಾಗಿ ಯಾವ ಹಕ್ಕನ್ನೂ ಕೊಡುವುದಿಲ್ಲ ಎಂದು ಅದರ 54ನೇ ಸೆಕ್ಷನ್ ಹೇಳುತ್ತದೆ. ಕರಾರು, ಜಿಪಿಎ, ಉಯಿಲುಗಳ ಕಟ್ಟಿನಿಂದ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಖಚಿತಪಡಿಸಿತು. ಕೊಳ್ಳುವವರ ಪರವಾಗಿ ಒಂದು ಮಾತೂ ಆ ಹಳೆಯ ಕಾಯ್ದೆಯಲ್ಲಿದೆ: 55ನೇ ಸೆಕ್ಷನ್ ಪ್ರಕಾರ, ಕ್ರಯದ ಮುಂಗಡವಾಗಿ ಕೊಟ್ಟ ಹಣಕ್ಕೆ ಆ ಆಸ್ತಿಯೇ ಹೊಣೆ, ಕೊಂಡವರು ತಾವೇ ಕಾರಣವಿಲ್ಲದೆ ಹಿಂದೆ ಸರಿಯದಿದ್ದರೆ. ಆದರೆ ಕೊಟ್ಟದ್ದಕ್ಕೆ ಬರಹದ ಸಾಕ್ಷಿ ಇಲ್ಲದಿದ್ದರೆ ಆ ಹಕ್ಕನ್ನು ಸಾಧಿಸುವುದು ಹೇಗೆ? ಆದ್ದರಿಂದ ರೇರಾ ಬಿಲ್ಡರಿಗೆ ಹಾಕಿದ ಗೆರೆಯನ್ನು ಹಳೆಯ ಮನೆ ಕೊಳ್ಳುವವರು ತಾವೇ ಎಳೆದುಕೊಳ್ಳಬೇಕು. ಗುಜರಾತ್‌ನಲ್ಲಿ ಕ್ರಯದ ಕರಾರಿಗೆ ‘ಸಾಟಾಖತ್’ ಅಥವಾ ‘ಬಾನಾಖತ್’ ಎನ್ನುತ್ತಾರೆ. ಅದು ನೋಂದಣಿ ಆಗುವವರೆಗೆ ಸಣ್ಣ ಟೋಕನ್ ಸಾಕು. ನೋಂದಣಿ ಆದ ಮೇಲೂ, ಮಾರುವವರ ಸಾಲ ತೀರಿಸಲು ನೇರವಾಗಿ ಅವರ ಬ್ಯಾಂಕಿಗೆ ಹೋಗುವ ಹಣ ಬಿಟ್ಟರೆ, ಕ್ರಯಪತ್ರದ ದಿನದವರೆಗೆ ಶೇ 10ರ ಗೆರೆ ದಾಟಬೇಕಾಗಿಲ್ಲ.

ಟೋಕನ್ನಿಗೂ ಸಾಟಾಖತ್‌ಗೂ ನಡುವಿನ ದಿನಗಳು ಕಾಗದ ಓದುವ ದಿನಗಳು. ನೋಂದಣಿ ಕಚೇರಿಯ ‘ಇಂಡೆಕ್ಸ್-2’ ಈ ಮನೆ ಯಾರಿಂದ ಯಾರಿಗೆ ಬಂತೆಂದು ತೋರಿಸುತ್ತದೆ. ನಗರದ ಜಾಗಕ್ಕೆ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್, ಹೊಲವಾಗಿದ್ದ ಜಾಗಕ್ಕೆ ನಮ್ಮ ಪಹಣಿಯಂಥ ‘ಸಾತ್-ಬಾರ್’ ಉತಾರಾ ಮತ್ತು ಕೃಷಿಯೇತರ ಬಳಕೆಯ ಆದೇಶ ನೋಡಬೇಕು. ಹಳೆಯ ಸೊಸೈಟಿಯ ಫ್ಲ್ಯಾಟಾದರೆ ಮೊದಲ ಹಂಚಿಕೆ ಪತ್ರದಿಂದ ಇಂದಿನ ಷೇರು ಸರ್ಟಿಫಿಕೇಟಿನವರೆಗೆ ಒಂದು ಕೈಯೂ ತಪ್ಪಬಾರದು. ಮೂಲಪತ್ರ ಒತ್ತೆಯಿಟ್ಟು ತಂದ ಸಾಲಗಳನ್ನು ಕೇಂದ್ರದ ಸೆರ್ಸಾಯ್ ದಾಖಲೆಯಲ್ಲಿ ಹುಡುಕಬಹುದು. ಇನ್ನೊಂದು ಕಾಗದ ಗುಜರಾತ್‌ನದೇ. ಗಲಭೆಯ ನಂತರ ಜನ ಹೆದರಿ ಮನೆ ಮಾರುವುದನ್ನು ತಡೆಯಲೆಂದು ಬಂದ 1991ರ ಅಶಾಂತ ಪ್ರದೇಶಗಳ ಕಾಯ್ದೆ ಈ ಮೂರೂ ನಗರಗಳ ಹಲವು ಭಾಗಗಳಿಗೆ ಅನ್ವಯಿಸುತ್ತದೆ. ಅಲ್ಲಿ ಜಿಲ್ಲಾಧಿಕಾರಿಯ ಪೂರ್ವಾನುಮತಿ ಇಲ್ಲದ ಮಾರಾಟ ಸಿಂಧುವಲ್ಲ. ಈ ಕಾಯ್ದೆ ಬಡಾವಣೆಗಳನ್ನು ಧರ್ಮದ ಮೇಲೆ ಬೇರ್ಪಡಿಸುತ್ತದೆಂಬ ಆಕ್ಷೇಪ ಗಂಭೀರವಾದದ್ದು. ಕೊಳ್ಳುವವರು ಮಾತ್ರ ಆ ಅನುಮತಿ ಕೈಗೆ ಬರುವ ಮೊದಲು ದೊಡ್ಡ ಹಣ ಕೊಡಬಾರದು. ಮಾರುವವರು ಅನಿವಾಸಿ ಭಾರತೀಯರಾದರೆ, ವಡೋದರಾ ಸುತ್ತ ಇದು ಅಪರೂಪವೇನಲ್ಲ, ಮೂಲದಲ್ಲೇ ತೆರಿಗೆ ಕಡಿತದ ಲೆಕ್ಕ ಬದಲಾಗುತ್ತದೆ. ಇಲ್ಲಿನ ನಿವಾಸಿಗೆ 50 ಲಕ್ಷ ಅಥವಾ ಹೆಚ್ಚಿನ ಬೆಲೆಗೆ ಶೇ 1. ಅನಿವಾಸಿಗೆ ಅದಕ್ಕಿಂತ ಬಹಳ ಹೆಚ್ಚು. ಕಡಿತ ಮಾಡದಿದ್ದರೆ ಹೊಣೆ ಕೊಂಡವರದು. ಕೆಲಸಕ್ಕೆಂದು ಇಲ್ಲಿಗೆ ಬಂದ ಕನ್ನಡಿಗರಿಗೆ ಇನ್ನೊಂದು ಮಾತು: ಈ ಕಾಗದಗಳಲ್ಲಿ ಹೆಚ್ಚಿನವು ಗುಜರಾತಿಯಲ್ಲಿರುತ್ತವೆ. ದಲಾಲರ ಬಾಯಿಂದ ಸಾರಾಂಶ ಕೇಳಿ ಸಹಿ ಹಾಕಬೇಡಿ. ನೀವೇ ಗೊತ್ತುಮಾಡಿದ ವಕೀಲರಿಂದ ಸಾಲುಸಾಲು ಓದಿಸಿ.

ಸಾಟಾಖತ್ ಬರೆಯುವಾಗ ಸರಪಳಿಯನ್ನು ಅದರೊಳಗೇ ತರಬೇಕು. ಮಾರುವವರ ಸಾಲ 22 ಲಕ್ಷ ಬಾಕಿ ಇದ್ದರೆ, ಅವರ ಬ್ಯಾಂಕ್ ಬರೆದುಕೊಟ್ಟ ಬಾಕಿ ಪತ್ರದಂತೆ ಅಷ್ಟು ಹಣ ನೇರವಾಗಿ ಆ ಸಾಲದ ಖಾತೆಗೇ ಹೋಗಲಿ, ಮಾರುವವರ ಉಳಿತಾಯ ಖಾತೆಗೆ ಬೇಡ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಹಾಗಿದ್ದರೆ ಆ 30 ದಿನವನ್ನು ಸೇರಿಸಿಯೇ ಕ್ರಯಪತ್ರದ ಗಡುವು ಇಡಬೇಕು. ಮಾರುವವರ ಹೊಸ ಮನೆ ತಡವಾದರೆ ಅದು ಕೊಳ್ಳುವವರ ತಪ್ಪಲ್ಲ, ಇಂಥ ದಿನ ದಾಟಿದರೆ ಮುಂಗಡ ಇಷ್ಟು ದಿನದೊಳಗೆ ವಾಪಸು ಎಂಬ ಸಾಲು ಇರಲಿ. ಬ್ಯಾಂಕ್ ಸಾಲ ಮಂಜೂರಾಗದಿದ್ದರೂ ಹಾಗೆಯೇ. ‘ದಸ್ತಾವೇಜು ಆಗಲಿ, ಮೂರು ತಿಂಗಳು ಇಲ್ಲೇ ಇದ್ದುಬಿಡುತ್ತೇವೆ’ ಎಂಬ ಕೋರಿಕೆ ಬಂದರೆ ಕಂತೂ ಬಾಡಿಗೆಯೂ ಒಟ್ಟಿಗೆ ನಿಮ್ಮ ತಲೆಗೆ ಬಿತ್ತೆಂದೇ ಅರ್ಥ. ಒಪ್ಪುವುದಾದರೆ ಬರಹದ ಬಾಡಿಗೆ ಕರಾರು ಆಗಲಿ, ತಡವಾದ ಪ್ರತಿ ದಿನಕ್ಕೆ ಇಷ್ಟೆಂದು ನಿಗದಿಯಾಗಲಿ, ಬೆಲೆಯ ಒಂದು ಪಾಲು ಕೀಲಿಕೈ ಬರುವವರೆಗೆ ನಿಮ್ಮಲ್ಲೇ ಉಳಿಯಲಿ.

ಇದಕ್ಕೆ ಆಕ್ಷೇಪಗಳಿವೆ. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ, ಇನ್ನೊಬ್ಬರಿಗೆ ಯಾಕೆ ಖರ್ಚು ಎನ್ನುವುದು ಒಂದು. ಬ್ಯಾಂಕಿನ ವಕೀಲರು ಬ್ಯಾಂಕಿನ ಸಾಲಕ್ಕೆ ಕಾವಲು. ಮನೆ ಕೈತಪ್ಪಿದರೂ ಸಾಲ ತೀರಿಸಬೇಕಾದವರು ನೀವೇ. ಮುಂಗಡಕ್ಕೂ ಗಡುವಿಗೂ ಅವರ ವರದಿಯಲ್ಲಿ ಜಾಗವಿಲ್ಲ. ಗುಜರಾತ್‌ನಲ್ಲಿ ವ್ಯಾಪಾರ ಮಾತಿನ ಮೇಲೆ ನಡೆಯುತ್ತದೆ, ಇಷ್ಟು ಕಾಗದ ಕೇಳಿದರೆ ಅಪನಂಬಿಕೆ ತೋರಿಸಿದಂತೆ ಎನ್ನುವುದು ಇನ್ನೊಂದು. ಆ ಮಾತಿನ ಘನತೆ ನಿಜವಾದದ್ದು, ಅದನ್ನು ಗೌರವಿಸಬೇಕು. ಆದರೆ ಮಾರುವವರು ತಮ್ಮ ಮಾತನ್ನು ಮಾತ್ರ ಕೊಡಬಲ್ಲರು. ತಮ್ಮ ಬಿಲ್ಡರಿನ, ಬ್ಯಾಂಕಿನ, ಪಾಲಿಕೆಯ ಮಾತನ್ನು ಹೇಗೆ ಕೊಟ್ಟಾರು? ಸೂರತ್‌ನಲ್ಲಿ ವಜ್ರದ ಕೆಲಸ ಮಂದವಾದಾಗ ಎಂಥ ಪ್ರಾಮಾಣಿಕರ ಗಡುವೂ ಜಾರಬಹುದು. ಪ್ರಾಮಾಣಿಕರನ್ನು ಅಂಥ ಇಕ್ಕಟ್ಟಿನಿಂದ ಉಳಿಸುವುದೂ ಸ್ಪಷ್ಟ ಬರಹವೇ. ಮೂರನೆಯದು, ಬೆಲೆಯ ಒಂದು ಪಾಲನ್ನು ನಗದಾಗಿ ಕೊಡಿ ಎಂಬ ಒತ್ತಾಯ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದನ್ನು ಕಾನೂನು 2015ರಿಂದ ನಿಷೇಧಿಸಿದೆ. ಅದಕ್ಕಿಂತ ಹತ್ತಿರದ ಅಪಾಯವೆಂದರೆ, ಸಾಟಾಖತ್‌ನಲ್ಲಿ ಕಾಣದ ಹಣ ಸರಪಳಿ ಕಡಿದ ದಿನ ಎಲ್ಲೂ ಕಾಣುವುದಿಲ್ಲ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು: ಇಷ್ಟು ಷರತ್ತು ಹಾಕಿದರೆ ಮಾರುವವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಕೆಲವರು ಹಾಗೆ ಮಾಡುತ್ತಾರೆ, ಆ ಮನೆ ತಪ್ಪುತ್ತದೆ. ಅದು ನಷ್ಟವೇ, ಆದರೂ ಮನೆ ತಪ್ಪಿದ ನಷ್ಟ ಬೇರೆ, ಇಡುಗಂಟು ತಪ್ಪಿದ ನಷ್ಟ ಬೇರೆ. ಸರಪಳಿಯ ಇನ್ನೊಂದು ತುದಿಯಿಂದಲೂ ನೋಡಬೇಕು. ಮನೆ ಮಾರಿ ಮನೆ ಕೊಳ್ಳುವ ಗಿರಾಕಿ ಬಂದರೆ ಅವರ ಹಿಂದೆ ಇನ್ನೊಬ್ಬ ಗಿರಾಕಿಗಾಗಿ ಕಾಯಬೇಕು. ಮೊದಲ ಮನೆ ಕೊಳ್ಳುವವರ ಹಿಂದೆ ಯಾರೂ ಇಲ್ಲ. ಸಾಲದ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಅವರು ಯಾರಿಗಾಗಿಯೂ ಕಾಯಬೇಕಾಗಿಲ್ಲ. ಮಾರುವವರ ಸಾಲ ತೀರುವುದು, ಬಿಲ್ಡರಿನ ಕಂತು ಹೋಗುವುದು, ಆ ಕುಟುಂಬ ಹೊಸ ಮನೆಗೆ ಹೋಗುವುದು ಎಲ್ಲವೂ ಇವರು ತರುವ ಹಣದಿಂದ. ಸರಪಳಿಯ ದುರ್ಬಲ ಕೊಂಡಿ ಎಂದು ತಮ್ಮನ್ನು ತಾವೇ ಭಾವಿಸಿ, ದಲಾಲರ ಅವಸರಕ್ಕೆ ಚೆಕ್ಕು ಬರೆಯುವವರು ನಿಜದಲ್ಲಿ ಇಡೀ ಸರಪಳಿಯನ್ನು ಎಳೆಯುವವರು. ಅವರು ಒಂದು ವಾರ ತಡೆದು, ‘ಮೊದಲು ಕಾಗದ ತೋರಿಸಿ’ ಎಂದರೆ ಉಳಿದವರೆಲ್ಲ ಆ ಒಂದು ವಾರ ಕಾಯಬಲ್ಲರು.