ನೈಲಾನ್ ಗಿಟಾರ್ ಕೊಳ್ಳುವಾಗ: ಫ್ರೆಟ್‌ಬೋರ್ಡ್ ಸಪಾಟಾಗಿರಬೇಕೋ, ಬಾಗಿರಬೇಕೋ?

ಎಡಗೈ ಬೆರಳಿನಿಂದ ತಂತಿ ಒತ್ತುತ್ತೇವಲ್ಲ, ಆ ಉದ್ದನೆಯ ಮರದ ಪಟ್ಟಿಯೇ ಫ್ರೆಟ್‌ಬೋರ್ಡ್. ಅದರ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳು ಫ್ರೆಟ್‌ಗಳು. ಸ್ಟೀಲ್ ತಂತಿಯ ಗಿಟಾರುಗಳಲ್ಲಿ ಸಾಮಾನ್ಯವಾಗಿ ಈ ಹಲಗೆ ನಡುವೆ ಉಬ್ಬಿ, ಎರಡೂ ಅಂಚಿಗೆ ಇಳಿದಿರುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಅದು ಪೂರ್ತಿ ಸಪಾಟು. ಸ್ಪೇನಿನ ಆಂಟೋನಿಯೊ ದೆ ಟೊರೆಸ್ 19ನೇ ಶತಮಾನದಲ್ಲಿ ರೂಢಿಗೆ ತಂದ ಆಕಾರವನ್ನೇ ಇವತ್ತಿನ ಕ್ಲಾಸಿಕಲ್ ಗಿಟಾರುಗಳು ಬಹುಮಟ್ಟಿಗೆ ಅನುಸರಿಸುತ್ತವೆ. ಆಗ ಕಟ್ಟುತ್ತಿದ್ದದ್ದು ಕರುಳಿನ ತಂತಿ. ನೈಲಾನ್ ಬಂದದ್ದು 1940ರ ದಶಕದಲ್ಲಿ.

ಈಗ ಅಂಗಡಿಗಳಲ್ಲಿ ಮೂರನೆಯ ಬಗೆಯೂ ಇದೆ: ನೈಲಾನ್ ತಂತಿ, ಆದರೆ ತುಸು ಬಾಗಿದ ಹಲಗೆ. ಇವನ್ನು ಕ್ರಾಸ್‌ಓವರ್ ಗಿಟಾರ್ ಎನ್ನುತ್ತಾರೆ. ಸ್ಟೀಲ್ ಅಥವಾ ಎಲೆಕ್ಟ್ರಿಕ್ ಗಿಟಾರ್ ನುಡಿಸಿ ಪಳಗಿದವರಿಗಾಗಿ ಮಾಡಿದವು. ಕೊಳ್ಳಲು ಹೋದವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಬಾಗು ಎಷ್ಟಿದೆ ಎಂಬುದನ್ನು ರೇಡಿಯಸ್, ಅಂದರೆ ತ್ರಿಜ್ಯದಲ್ಲಿ ಹೇಳುತ್ತಾರೆ. ಹಲಗೆಯ ಬಾಗನ್ನು ಹಾಗೇ ಮುಂದುವರಿಸಿ ಒಂದು ವೃತ್ತ ಎಳೆದರೆ, ಅದರ ತ್ರಿಜ್ಯವೇ ಈ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಬಾಗು ಕಡಿಮೆ. ಯಮಹಾದ ಎನ್‌ಟಿಎಕ್ಸ್ ಸರಣಿಯಲ್ಲಿ ಇದು 600 ಮಿಲಿಮೀಟರ್. ಅದೇ ಕಂಪನಿಯ ಎನ್‌ಸಿಎಕ್ಸ್ ಸರಣಿಯಲ್ಲಿ ಹಲಗೆ ಸಪಾಟು. ಈಗ ಒಂದು ಸಣ್ಣ ಲೆಕ್ಕ ಹಾಕೋಣ. 48 ಮಿಲಿಮೀಟರ್ ಅಗಲದ ಹಲಗೆಗೆ 600ರ ತ್ರಿಜ್ಯ ಕೊಟ್ಟರೆ, ನಡುಭಾಗ ಅಂಚಿಗಿಂತ ಎತ್ತರವಾಗುವುದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಜಾಹೀರಾತಿನಲ್ಲಿ ಓದಿದಾಗ ದೊಡ್ಡದೆನಿಸುವ ವ್ಯತ್ಯಾಸ ಇಷ್ಟೇ.

ಹಾಗಾದರೆ ಬೆರಳಿಗೆ ಗೊತ್ತಾಗುವುದೇ ಇಲ್ಲವೇ? ಗೊತ್ತಾಗುತ್ತದೆ, ಮುಖ್ಯವಾಗಿ ಬಾರೆ ಹಿಡಿಯುವಾಗ. ಬಾರೆ ಎಂದರೆ ತೋರುಬೆರಳೊಂದನ್ನೇ ಅಡ್ಡ ಮಲಗಿಸಿ ಹಲವು ತಂತಿಗಳನ್ನು ಒಟ್ಟಿಗೆ ಒತ್ತುವುದು. ನಮ್ಮ ಬೆರಳು ನೆಟ್ಟಗಿರುವುದಿಲ್ಲ. ಗೆಣ್ಣಿನ ಬಳಿ ತುಸು ಒಳಕ್ಕೆ ಬಾಗಿರುತ್ತದೆ. ಉಬ್ಬಿದ ಹಲಗೆ ಈ ಬಾಗಿಗೆ ಹೊಂದುತ್ತದೆ. ಸಪಾಟು ಹಲಗೆಯ ಮೇಲೆ ಗೆಣ್ಣಿನ ಮಡಿಕೆಯಡಿ ಸಿಕ್ಕ ತಂತಿ ಸರಿಯಾಗಿ ಒತ್ತದೆ, ನಾದ ಸತ್ತಂತಾಗುತ್ತದೆ. ಬೆರಳನ್ನು ತುಸು ಹೊರಳಿಸಿ, ಅದರ ಬದಿಯಿಂದ ಒತ್ತಲು ಕಲಿತರೆ ಇದು ಸರಿಹೋಗುತ್ತದೆ. ಅಭ್ಯಾಸ ಬೇಕು, ಅಷ್ಟೆ.

ಸಪಾಟಿನ ಅನುಕೂಲ ಬಲಗೈಗೆ ಹೆಚ್ಚು. ಆರೂ ತಂತಿಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ, ಒಂದೊಂದು ಬೆರಳಿಗೆ ಒಂದೊಂದು ತಂತಿ ವಹಿಸಿ ಮೀಟುವವರಿಗೆ ಕೈ ನಿಂತ ಕಡೆಯೇ ನಿಲ್ಲುತ್ತದೆ. ಮೀಟಿದ ಬೆರಳನ್ನು ಪಕ್ಕದ ತಂತಿಗೆ ಒರಗಿಸುವ ಅಪೊಯಾಂಡೊ ಎಂಬ ಕ್ರಮಕ್ಕೂ ಇದೇ ಒಗ್ಗುತ್ತದೆ. ಎರಡು ಮೂರು ತಂತಿಯ ಅರ್ಧ ಬಾರೆಯೂ ಇದರಲ್ಲಿ ಕಷ್ಟವಲ್ಲ.

ವೀಣೆಯಂತೆ ತಂತಿ ಎಳೆದು ಗಮಕ ತರಬೇಕೆಂಬ ಆಸೆಯಿಂದ ಬಾಗಿದ ಹಲಗೆ ಕೇಳುವವರಿಗೆ ಒಂದು ಮಾತು. ಪಕ್ಕಕ್ಕೆ ಎಳೆದಾಗ ನೈಲಾನ್ ತಂತಿಯ ಸ್ವರ ಸ್ಟೀಲ್‌ನಷ್ಟು ಏರುವುದಿಲ್ಲ. ಹಲಗೆ ಯಾವ ಆಕಾರದ್ದಾದರೂ ಇದು ಬದಲಾಗದು. ನೈಲಾನ್‌ನಲ್ಲಿ ಜಾರಿಸಿ ನುಡಿಸುವುದೇ ದಾರಿ.

ನನ್ನ ಅಭಿಪ್ರಾಯದಲ್ಲಿ ಬಾಗಿಗಿಂತ ಮೊದಲು ನೋಡಬೇಕಾದವು ಎರಡು. ಒಂದು, ನಟ್‌ನ ಅಗಲ. ನಟ್ ಎಂದರೆ ತಲೆಯ ಕಡೆ ತಂತಿಗಳು ಕೂರುವ ಕಚ್ಚುಗಳಿರುವ ಸಣ್ಣ ಪಟ್ಟಿ. ಕ್ಲಾಸಿಕಲ್‌ನಲ್ಲಿ ಅದು ಸುಮಾರು 52 ಮಿಲಿಮೀಟರ್, ಕ್ರಾಸ್‌ಓವರ್‌ನಲ್ಲಿ ಹೆಚ್ಚಾಗಿ 48. ಈ ನಾಲ್ಕು ಮಿಲಿಮೀಟರ್ ಸಣ್ಣ ಕೈಯವರಿಗೆ ಬಾಗಿಗಿಂತ ಹೆಚ್ಚು ಅರಿವಿಗೆ ಬರುತ್ತದೆ. ಎರಡು, ಆ್ಯಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಗಿರುವ ಎತ್ತರ. ಕ್ಲಾಸಿಕಲ್ ಗಿಟಾರಿನ 12ನೇ ಫ್ರೆಟ್ ಬಳಿ ತೆಳುವಾದ ತಂತಿಗೆ ಸುಮಾರು 3, ದಪ್ಪ ತಂತಿಗೆ ಸುಮಾರು 4 ಮಿಲಿಮೀಟರ್ ಸಾಮಾನ್ಯ. ಅದಕ್ಕಿಂತ ಬಹಳ ಎತ್ತರವಿದ್ದರೆ ಯಾವ ಹಲಗೆಯಾದರೂ ಕೈ ನೋಯುತ್ತದೆ. ಗಿಟಾರ್ ರಿಪೇರಿ ಮಾಡುವವರು ಸ್ಯಾಡಲ್ ತಳವನ್ನು ಉಜ್ಜಿ ಇದನ್ನು ತಗ್ಗಿಸಿಕೊಡುತ್ತಾರೆ. ಸ್ಯಾಡಲ್ ಎಂದರೆ ಗಿಟಾರಿನ ಒಡಲಿಗೆ ಅಂಟಿಸಿದ ಬ್ರಿಜ್‌ನ ಮೇಲೆ ತಂತಿ ಆತುಕೊಳ್ಳುವ ಬಿಳಿ ಪಟ್ಟಿ. ಬಾರೆ ಬರುತ್ತಿಲ್ಲವೆಂದು ಗಿಟಾರನ್ನೇ ಬದಲಿಸುವ ಮುನ್ನ ಈ ಕೆಲಸ ಮಾಡಿಸಿ ನೋಡಿ.

ಅಂಗಡಿಯಲ್ಲಿ ಗುರುತಿಸುವುದು ಹೇಗೆ? ಶಬ್ದರಂಧ್ರದ ಬಳಿ ಹಲಗೆ ಮುಗಿಯುವ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಿ. ಬಾಗಿದ್ದರೆ ನಡು ಉಬ್ಬಿರುವುದು ಕಾಣುತ್ತದೆ. ಕೇಪೊ, ಅಂದರೆ ಶ್ರುತಿ ಏರಿಸಲು ಗಿಟಾರಿನ ಕುತ್ತಿಗೆಗೆ ಹಾಕುವ ಕ್ಲಿಪ್, ಕೂಡ ಹಲಗೆಗೆ ತಕ್ಕಂತಿರಬೇಕು. ಸಪಾಟು ಹಲಗೆಗೆ ಬಾಗಿದ ಕೇಪೊ ಹಾಕಿದರೆ ಎಲ್ಲ ತಂತಿ ಒಂದೇ ಸಮ ಒತ್ತುವುದಿಲ್ಲ.

ಇನ್ನು ಬೆಲೆ. ಕಲಿಯುವವರು ಹೆಚ್ಚಾಗಿ ಕೊಳ್ಳುವ ಯಮಹಾ ಸಿ40 ಸಪಾಟು ಹಲಗೆಯದು. ಹತ್ತು ಹನ್ನೆರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಬಾಗಿದ ಹಲಗೆಯ ಎನ್‌ಟಿಎಕ್ಸ್‌ಗೆ ಅದರ ಹಲವು ಪಟ್ಟು ಕೊಡಬೇಕು. ಆದರೆ ಆ ಹಣವೆಲ್ಲ ಬಾಗಿಗಲ್ಲ. ಸ್ಪೀಕರಿಗೆ ಜೋಡಿಸುವ ಪಿಕಪ್ ಕೂಡ ಅದರಲ್ಲಿರುತ್ತದೆ. ಬೆಂಗಳೂರಿನಲ್ಲಿ ಫರ್ಟಾಡೋಸ್‌ನಂಥ ದೊಡ್ಡ ಅಂಗಡಿಗೆ ಹೋದರೆ ಎರಡೂ ಬಗೆ ಇವೆಯೇ ಎಂದು ಕೇಳಿ, ಕುಳಿತು ನುಡಿಸಿ ನೋಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಿವರಪಟ್ಟಿಯಲ್ಲಿ ರೇಡಿಯಸ್ ಮತ್ತು ನಟ್ ಅಗಲ ಎರಡನ್ನೂ ಓದಿ.

ಮೇಷ್ಟರ ಬಳಿ ಕ್ಲಾಸಿಕಲ್ ಕಲಿಯಲು ಹೊರಟವರಿಗೆ ನಾನು ಹೇಳುವುದು ಸಪಾಟು ಹಲಗೆಯನ್ನೇ. ಪಾಠಗಳೂ ಬೆರಳಿನ ಕ್ರಮಗಳೂ ಅದಕ್ಕೆಂದೇ ರೂಪುಗೊಂಡಿವೆ. ಸ್ಟೀಲ್ ಗಿಟಾರ್ ಹಿಡಿದು ಹಾಡುತ್ತಿದ್ದವರು ನೈಲಾನ್‌ನ ಮೆದು ನಾದ ಬಯಸಿದರೆ ಕ್ರಾಸ್‌ಓವರ್ ಒಳ್ಳೆಯದು. ಒಂದು ಎಚ್ಚರಿಕೆ: ಸಪಾಟು ಕೊಂಡು ಆಮೇಲೆ ಬಾಗಿಸಿಕೊಳ್ಳೋಣ ಎನ್ನಬೇಡಿ. ಫ್ರೆಟ್ ಕಿತ್ತು, ಮರ ಹೆರೆದು, ಹೊಸ ಫ್ರೆಟ್ ಕೂರಿಸಿ, ಸ್ಯಾಡಲನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಕಡಿಮೆ ಬೆಲೆಯ ಗಿಟಾರಿಗೆ ಆ ಖರ್ಚು ಗಿಟ್ಟುವುದಿಲ್ಲ.